ಉತ್ತರದ ಗೋಡೆ

ಶುಕ್ರವಾರ, ಜನವರಿ ೧೦, ೨೦೨೫

ಮೊದಲಿಗೆ ಒಂದು ತಿದ್ದುಪಡಿ. ಇದೇ ದಿನಚರಿಯಲ್ಲಿ ಕಳೆದ ಶನಿವಾರ ನಾನು 'ತ್ರಿವೇಣಿಯ ಮನೆಗೆ ಒಂದು ಅಟ್ಟವಿದೆ' ಎಂದು ಬರೆದಿದ್ದೇನೆ. ಅದು ತಪ್ಪು. ಅಟ್ಟವೆಂದರೆ ಕೋಣೆಗೂ ಹೆಂಚಿನ ಮಾಡಿಗೂ ನಡುವೆ ಉಳಿಯುವ ಎಡೆ. ಈ ಮನೆಗೆ ಇಳಿಜಾರು ಮಾಡೇ ಇಲ್ಲ. ನಮ್ಮ ಗದಗ ಸೀಮೆಯ ಮಾಳಿಗೆಯಂತೆ ಮೇಲೆಲ್ಲ ಚಪ್ಪಟೆ. ಅಲ್ಲಿರುವುದು ಎರಡು ನೀರಿನ ಟಾಕಿ, ಎಸಿ ಯಂತ್ರಗಳು, ಒಂದು ಡಿಶ್, ಮತ್ತು ಮೆಟ್ಟಿಲು ಮುಗಿಯುವಲ್ಲಿ ಹಳೆಯ ಸೈಕಲ್ ತುರುಕಿದ ಒಂದು ಗೂಡು. ಗೂಡನ್ನು ಅಟ್ಟವೆಂದು ಬರೆದದ್ದು ಪ್ರಯಾಣದ ದಣಿವಿನಿಂದ. ದಣಿವು ತಪ್ಪಿಗೆ ಕಾರಣವಾಗಬಹುದೇ ಹೊರತು ಸಮರ್ಥನೆಯಾಗದು. ಸೇವೆಯುದ್ದಕ್ಕೂ ಮಕ್ಕಳಿಗೆ ಇದನ್ನೇ ಹೇಳಿದವನು ನಾನು.

ಮಸ್ಕತ್ತಿನ ಅಲ್ ಅಜೈಬಾದ ಈ ಬಾಡಿಗೆ ಮನೆಯಲ್ಲಿ ಮಗಳು ತ್ರಿವೇಣಿ, ಅಳಿಯ ಈರೇಶ, ಮೊಮ್ಮಗಳು ದಾನೇಶ್ವರಿ ಇದ್ದಾರೆ. ಈರೇಶ ದೂರದ ದುಕ್ಮ್ ಬಂದರಿನಲ್ಲಿ ಎಂಜಿನಿಯರ್. ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ದಾನೇಶ್ವರಿಯನ್ನು ಅಜ್ಜಿ 'ದಾನು' ಎನ್ನುತ್ತಾಳೆ, ಶಾಲೆಯಲ್ಲಿ 'ಡ್ಯಾನಿ' ಎನ್ನುತ್ತಾರಂತೆ. ಪೂರ್ತಿ ಹೆಸರಿನಿಂದ ಕರೆಯುವವನು ನಾನೊಬ್ಬನೇ. ಓಗೊಡದಿರುವುದೂ ನನ್ನ ಕರೆಗೇ.

ಆ ಮಗು ತನ್ನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ಸೋಫಾದ ಮೇಲೆ ಮಲಗುತ್ತಿದ್ದಾಳೆ. ಅವಳ ಕೋಣೆಯ ಗೋಡೆಯ ಮೇಲೆ ಕೊರಿಯಾ ದೇಶದ ಗಾಯಕ ತರುಣರ ದೊಡ್ಡ ಚಿತ್ರವಿದೆ. ಎಲ್ಲರೂ ನನ್ನನ್ನೇ ನೋಡುತ್ತಿರುತ್ತಾರೆ. ಅವರ ಕಣ್ಣೆದುರು ಓದುವುದಾಗಲಿ ಧೋತರ ಬದಲಿಸುವುದಾಗಲಿ ಅಸಾಧ್ಯ.

ಆದ್ದರಿಂದ ಊಟದ ಹೊತ್ತಿಗೆ ನನ್ನ ನಿಲುವನ್ನು ಸ್ಪಷ್ಟಪಡಿಸಿದೆ. ನಾಲ್ಕು ಗೋಡೆ, ಒಂದು ಬಾಗಿಲು, ಉತ್ತರದಿಂದ ಹದವಾದ ಬೆಳಕು ಬೀಳುವ ಒಂದು ಕಿಟಕಿ, ಮೇಲೊಂದು ಛಾವಣಿ. ಇವಿಷ್ಟೂ ಉಳ್ಳ ಕೊಠಡಿಯೊಂದು ಈ ಮಾಳಿಗೆಯ ಮೇಲೆ ನನಗಾಗಿ ಏಳುವುದಾದರೆ ನಾವು ಇಲ್ಲೇ ನಿಲ್ಲುತ್ತೇವೆ. ಏಳದಿದ್ದರೆ ಫೆಬ್ರುವರಿ ಹನ್ನೆರಡರ ಬುಧವಾರದ ವಿಮಾನಕ್ಕೆ ಊರಿಗೆ ಹೊರಡುತ್ತೇವೆ. ಟಿಕೆಟ್ ಇದ್ದೇ ಇದೆ.

"ನೀವು ಹೊರಡತೀರಿ ಅನ್ರಿ," ಎಂದಳು ಶಿವವ್ವ, ನನ್ನ ಹೆಂಡತಿ. "ಅದರಾಗ ನನ್ನ ಯಾಕ ಸೇರಸ್ತೀರಿ?"

ಅವಳ ಆಕ್ಷೇಪಕ್ಕೆ ಆಧಾರವಿದೆಯೇ ಎಂದು ಯೋಚಿಸಬೇಕು.

ಜನವರಿ ೧೦, ೨೦೨೫. ರಾತ್ರಿ ೯ ಗಂಟೆ ೪೦ ನಿಮಿಷ.

ಭಾನುವಾರ, ಜನವರಿ ೧೨, ೨೦೨೫

ಮನೆಯ ಮಾಲೀಕರಾದ ಹಮೂದ್ ಅವರು ಪಕ್ಕದ ಮನೆಯಲ್ಲೇ ವಾಸಿಸುವ ಒಮಾನಿ ಹಿರಿಯರು. ಮಾಳಿಗೆಯ ಮೇಲೆ ಒಂದು ಕೊಠಡಿ ಕಟ್ಟಿಸಲು ತಮ್ಮ ಅಡ್ಡಿಯಿಲ್ಲವೆಂದು ತ್ರಿವೇಣಿಗೆ ತಿಳಿಸಿದ್ದಾರೆ. ಇನ್ನುಳಿದದ್ದು ಬಗೆಯ ಆಯ್ಕೆ. ಬಗೆ ಸರಿಯಾಗಿ ಆಯ್ದುಕೊಳ್ಳದೆ ಕೆಲಸಕ್ಕೆ ಕೈಹಾಕುವುದು ಪ್ರಶ್ನೆ ಓದದೆ ಉತ್ತರ ಬರೆದಂತೆ.

ದಾನೇಶ್ವರಿ ತನ್ನ ಟ್ಯಾಬಿನಲ್ಲಿ ಬ್ರಿಟನ್ನಿನವರು ಅಟ್ಟವನ್ನು ಕೋಣೆಯಾಗಿಸುವ ಕ್ರಮಗಳನ್ನು ತೋರಿಸಿದಳು. ಮೊದಲನೆಯದು, ಮಾಡಿಗೆ ಗಾಜು ಕೂರಿಸುವ ಬೆಳಕಿಂಡಿಯ ಬಗೆ. ಎರಡನೆಯದು ಡಾರ್ಮರ್: ಮಾಡಿನಿಂದ ಮೂಗಿನಂತೆ ಹೊರಚಾಚುವ ಕಿಟಕಿ. ಇನ್ನೊಂದು ಮ್ಯಾನ್ಸರ್ಡ್: ಮಾಡಿನ ಬೆನ್ನನ್ನೇ ನೆಟ್ಟಗೆ ನಿಲ್ಲಿಸುವುದು. ನನಗೆ ಡಾರ್ಮರ್ ಹಿಡಿಸಿತು. ಅದರಲ್ಲಿ ಒಂದು ಶಿಸ್ತಿದೆ.

ಸಂಜೆ ಗುತ್ತಿಗೆದಾರ ಉಮರಬ್ಬ ಬಂದರು. ವಿಟ್ಲದ ಕಡೆಯವರು, ಮಸ್ಕತ್ತಿನ ಅರ್ಧ ಊರನ್ನು ತಾವೇ ಕಟ್ಟಿದ್ದಾಗಿ ಮೆಟ್ಟಿಲು ಹತ್ತುವುದರೊಳಗೆ ತಿಳಿಸಿದರು. ಉಳಿದರ್ಧ ಯಾರದೆಂದು ನಾನು ಕೇಳಲಿಲ್ಲ.

"ಡಾರ್ಮರ್ ಆಗ್ತದೆ ಮಾಷ್ಟ್ರೇ," ಎಂದರು ಅವರು. "ಎಂತ ದೊಡ್ಡ ವಿಷಯ."

"ಅದಕ್ಕೆ ಇಳಿಜಾರು ಮಾಡು ಬೇಕಲ್ಲವೇ? ಇಲ್ಲಿ ಚಪ್ಪಟೆಯಿದೆ."

"ಮೊದಲು ಇಳಿಜಾರು ಕಟ್ಟುವ. ಆಮೇಲೆ ಅದನ್ನು ಒಡೆದು ಕಿಟಕಿ ಕೂರಿಸುವ. ಖಲಾಸ್."

"ಒಡೆಯುವುದಕ್ಕಾಗಿ ಕಟ್ಟುವುದೇ?"

"ಮಾಷ್ಟ್ರೇ, ಒಡೆಯದಿದ್ರೆ ನಮ್ಮ ಹೊಟ್ಟೆ ನಡೆಯುವುದು ಹೇಗೆ ಮಾರಾಯ್ರೇ?"

ಉತ್ತರದಲ್ಲಿ ತರ್ಕದೋಷವನ್ನು ಹುಡುಕಿದೆ, ಸಿಗಲಿಲ್ಲ.

ಜನವರಿ ೧೨, ೨೦೨೫. ರಾತ್ರಿ ೯ ಗಂಟೆ ೫ ನಿಮಿಷ.

ಮಂಗಳವಾರ, ಜನವರಿ ೧೪, ೨೦೨೫

ಸಂಕ್ರಾಂತಿ. ಶಿವವ್ವ ಊರಿಂದ ತಂದ ಕುಸುರೆಳ್ಳು ಹಂಚಿದಳು. ಎಳ್ಳು ತಿಂದು ಒಳ್ಳೆಯ ಮಾತಾಡಬೇಕಾದ ಈ ದಿನವೇ ಒಂದು ದೊಡ್ಡ ಮೋಸ ಬೆಳಕಿಗೆ ಬಂತು.

"ಡ್ರಮ್ಸ್ ಇಟ್ರೆ ಅಜ್ಜನ ಮೇಜು ಎಲ್ಲಿ ಇಡೋದು?" ಎಂದು ದಾನೇಶ್ವರಿ ಅವರಮ್ಮನನ್ನು ಕೇಳಿದಳು.

"ಯಾವ ಡ್ರಮ್ಸ್? ಅದು ನನ್ನ ಆಫೀಸ್ ರೂಮು," ಎಂದಳು ತ್ರಿವೇಣಿ. "ವಾರಕ್ಕ ಎರಡ ದಿನ ಮನಿಯಿಂದ ಕೆಲಸ ಮಾಡಾಕ. ಉಮರಬ್ಬ ಅವರು ಹೂಂ ಅಂದಾರ."

ಅಷ್ಟರಲ್ಲಿ ದುಕ್ಮ್‌ನಿಂದ ಫೋನಿನಲ್ಲಿದ್ದ ಈರೇಶ ಕೆಮ್ಮಿದ. ಅವನಿಗೆ ಅದೇ ಕೊಠಡಿಯಲ್ಲಿ ವ್ಯಾಯಾಮದ ಓಟದ ಯಂತ್ರವೊಂದನ್ನು ಇರಿಸುವ ಮಾತಾಗಿತ್ತಂತೆ. ಎಲ್ಲರೂ ಶಿವವ್ವನತ್ತ ತಿರುಗಿದೆವು.

"ಸಂಡಿಗಿ ಹಾಕಾಕ ಜಾಗಾ ಬೇಕು ಅಂದಿದ್ದೆ," ಎಂದಳು ಅವಳು. "ಪಾಪ, ಬಾಳ ಚಲೋ ಮನಿಶಾ. ಇಲ್ಲ ಅನ್ನಲೇ ಇಲ್ಲ."

ಉಮರಬ್ಬ ಅವರಿಗೆ ಕೂಡಲೇ ಫೋನು ಮಾಡಿದೆ. ಅವರು ಸ್ವಲ್ಪವೂ ಅಳುಕಲಿಲ್ಲ. "ಬೇಡ ಅಂದ್ರೆ ನಿಮಗೆ ಬೇಜಾರಾಗ್ತದೆ ಮಾಷ್ಟ್ರೇ. ಕಟ್ಟಿದ ಮೇಲೆ ಒಳಗೆ ಕೂತು ನೀವು ನೀವೇ ಜಗಳ ಮಾಡಿ. ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

ಬಾಯಿಮಾತಿನಿಂದ ಇವರಿಗೆ ತಿಳಿಯದು. ಶುಕ್ರವಾರ ಈರೇಶ ಬಂದಾಗ ಪ್ರತಿಯೊಂದು ಬಗೆಯನ್ನೂ ಮಾಳಿಗೆಯ ಮೇಲೆ ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಡುತ್ತೇನೆ. ಸೂರ್ಯಗ್ರಹಣವನ್ನು ಮೂರು ಜನ ವಿದ್ಯಾರ್ಥಿಗಳನ್ನು ನಿಲ್ಲಿಸಿ ಅರ್ಥ ಮಾಡಿಸಿದವನು ನಾನು. ಒಂದು ಕೊಠಡಿ ಎಷ್ಟರದು.

ಜನವರಿ ೧೪, ೨೦೨೫; ರಾತ್ರಿ ೯ ಗಂಟೆ ೩೦ ನಿಮಿಷ.

ಶುಕ್ರವಾರ, ಜನವರಿ ೧೭, ೨೦೨೫

ಪ್ರಾತ್ಯಕ್ಷಿಕೆ ನಡೆಯಿತು. ಫಲಿತಾಂಶ ಮಿಶ್ರ.

ಮೊದಲು ಸುಣ್ಣದ ಕಡ್ಡಿಯಿಂದ ಕೊಠಡಿಯ ಅಂಚುಗಳಿಗೆ ಗೆರೆ ಎಳೆದೆ. ನಂತರ ಗೋಡೆಗಳನ್ನು ನೇಮಿಸಿದೆ. ಶಿವವ್ವ ಪೂರ್ವ, ತ್ರಿವೇಣಿ ದಕ್ಷಿಣ, ಈರೇಶ ಪಶ್ಚಿಮ, ದಾನೇಶ್ವರಿ ಉತ್ತರ. ಒಬ್ಬೊಬ್ಬರೂ ಎರಡೂ ಕೈ ಎತ್ತಿ ಒಂದೊಂದು ಹಾಸಿಗೆ ಹೊದಿಕೆಯನ್ನು ಹಿಡಿದು ನಿಲ್ಲತಕ್ಕದ್ದು. ಉತ್ತರದಲ್ಲಿ ಕಿಟಕಿ ಇರುವುದರಿಂದ ದಾನೇಶ್ವರಿ ಹೊದಿಕೆಯ ಬದಲು ಒಂದು ಖಾಲಿ ಫೋಟೋ ಚೌಕಟ್ಟನ್ನು ಹಿಡಿಯಬೇಕು. ನಾನು ನಡುವೆ ಕುರ್ಚಿ ಹಾಕಿ ಕುಳಿತು ಓದಬೇಕು.

"ಮಾವಾರ, ಕೈ ಸೋಲಾಕತ್ತಾವ್ರಿ," ಎಂದ ಈರೇಶ.

"ಗೋಡೆ ಮಾತನಾಡುವುದಿಲ್ಲ," ಎಂದೆ.

"ಗ್ವಾಡಿಗೆ ಪಗಾರನೂ ಇಲ್ಲ ಅಂತ ಹೇಳ್ರಿ ಅವರಿಗೆ," ಎಂದಿತು ಪೂರ್ವದ ಗೋಡೆ.

ಡಾರ್ಮರನ್ನು ತೋರಿಸಲು ಇಸ್ತ್ರಿ ಮೇಜನ್ನು ಈರೇಶನ ತಲೆಯ ಮೇಲೆ ಓರೆಯಾಗಿ ಇಟ್ಟು, ಅದರಿಂದ ಒಂದು ರಟ್ಟಿನ ಪೆಟ್ಟಿಗೆ ಹೊರಚಾಚುವಂತೆ ಮಾಡಿದೆ. ಗಾಳಿ ಬೀಸಿತು. ದಕ್ಷಿಣದ ಗೋಡೆ ಹಾರಿ ಡಿಶ್‌ಗೆ ಸುತ್ತಿಕೊಂಡಿತು. ಡಾರ್ಮರ್ ಈರೇಶನ ಭುಜದ ಮೇಲೆ ಬಿತ್ತು. ದಾನೇಶ್ವರಿ ನಗುತ್ತಾ ಕುಳಿತೇ ಬಿಟ್ಟಳು; ಕಿಟಕಿ ನೆಲಕ್ಕೆ ಬಂತು.

ಇದೇ ಹೊತ್ತಿಗೆ ಮೆಟ್ಟಿಲಿನಿಂದ ಹಮೂದ್ ಅವರು ಮೇಲೆ ಬಂದರು. ಒಂದು ಕೈಯಲ್ಲಿ ಕಹ್ವಾ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಖರ್ಜೂರದ ತಟ್ಟೆ. ತಮ್ಮ ಅಂಗಳದಿಂದ ಇದನ್ನೆಲ್ಲ ನೋಡಿ, ಮನೆಯಲ್ಲಿ ಯಾರಿಗೋ ಏನೋ ಆಗಿದೆ, ನಾವು ನಮ್ಮ ಪದ್ಧತಿಯಂತೆ ಯಾವುದೋ ಪೂಜೆಯಲ್ಲಿದ್ದೇವೆ ಎಂದುಕೊಂಡು, ಮುಗಿಯುವವರೆಗೆ ಕಾದು ಸಮಾಧಾನ ಹೇಳಲು ಬಂದಿದ್ದರು. ಅವರು ಮುಂಬಯಿಯಲ್ಲಿ ಹಲವು ವರ್ಷ ಇದ್ದವರು. ಅವರ ಹಿಂದಿ ನನ್ನ ಹಿಂದಿಗಿಂತ ಶುದ್ಧವಾಗಿದೆಯೆಂದು ದಾಖಲಿಸುವುದು ನ್ಯಾಯ. ನಾನು ವಿಷಯವನ್ನು ವಿವರಿಸಿದೆ. ಅವರು ನಗಲಿಲ್ಲ. ದಾನೇಶ್ವರಿಯ ಕೈಯ ಚೌಕಟ್ಟನ್ನು ನೋಡಿ ಗಂಭೀರರಾದರು.

"ಉಸ್ತಾದ್," ಎಂದರು, "ಈ ಕಿಟಕಿ ನನ್ನ ಅಂಗಳದ ಕಡೆಗಿದೆ. ನನ್ನ ಹೆಂಡತಿ, ಸೊಸೆಯಂದಿರು ಅಲ್ಲೇ ಕೂರುತ್ತಾರೆ. ಆ ಕಡೆ ಕಿಟಕಿ ಇಡುವ ಪದ್ಧತಿ ನಮ್ಮಲ್ಲಿಲ್ಲ."

"ನಾನು ಓದುವಾಗ ತಲೆಯೆತ್ತಿ ನೋಡುವವನಲ್ಲ," ಎಂದೆ.

"ತಲೆಯೆತ್ತದವರಿಗೆ ಕಿಟಕಿ ಏಕೆ?"

ಎಲ್ಲರೂ ಖರ್ಜೂರ ತಿಂದರು. ಶಿವವ್ವ ಅವರಿಗೆ ಉಳಿದಿದ್ದ ಕುಸುರೆಳ್ಳು ಕಟ್ಟಿಕೊಟ್ಟಳು.

ಜನವರಿ ೧೭, ೨೦೨೫. ರಾತ್ರಿ ಸುಮಾರು ೧೦ ಗಂಟೆ.

ಮಂಗಳವಾರ, ಜನವರಿ ೨೧

ಉತ್ತರಕ್ಕೆ ಅಂಗಳ. ಪೂರ್ವಕ್ಕೆ ನೀರಿನ ಟಾಕಿ. ದಕ್ಷಿಣಕ್ಕೆ ಹೆದ್ದಾರಿಯ ಗದ್ದಲ. ಪಶ್ಚಿಮಕ್ಕೆ ಕಣ್ಣಿಗೆ ಹೊಡೆಯುವ ಬಿಸಿಲು. ದಿಕ್ಕುಗಳು ಮುಗಿದವು. ಯಾರೊಂದಿಗೂ ಮಾತನಾಡಲಿಲ್ಲ. ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ತ್ರಿವೇಣಿ ಮಾತ್ರ 'ಇವತ್ತು ಮನಿ ಎಷ್ಟ ಶಾಂತ ಐತಿ' ಎಂದಳು.

ಹನ್ನೆರಡರ ವಿಮಾನವೇ ಸರಿ.

ಜನವರಿ ೨೧, ರಾತ್ರಿ.

ಭಾನುವಾರ, ಜನವರಿ ೨೬

ಮಲಗಿ ಯೋಚಿಸುವಾಗ ಹೊಳೆಯಿತು: ದಿಕ್ಕುಗಳು ಮುಗಿದರೂ ಆಕಾಶ ಮುಗಿದಿಲ್ಲ. ಬೆಳಕಿಂಡಿಯ ಬಗೆ. ನಾಲ್ಕೂ ಕಡೆ ಕಿಟಕಿಯಿಲ್ಲದ ಗೋಡೆ, ಮೇಲೆ ಗಾಜು. ನಮ್ಮ ಊರಿನ ಮಾಳಿಗೆ ಮನೆಗಳಲ್ಲಿ ಅಡುಗೆಮನೆಗೆ ಬೆಳಕು ಇಳಿಯುತ್ತಿದ್ದುದು ಇದೇ ರೀತಿ. ಬ್ರಿಟನ್ನಿನವರು ಇದನ್ನು ಹೊಸತೆಂಬಂತೆ ಮಾರುತ್ತಾರೆ.

ಈ ಬಾರಿ ಗೋಡೆಗಳನ್ನು ನಂಬದೆ ಉಮರಬ್ಬ ಅವರಿಂದ ನಾಲ್ಕು ಕಬ್ಬಿಣದ ಕೊಳವೆ ನೆಡಿಸಿ, ಸುತ್ತಲೂ ಹೊದಿಕೆ ಕಟ್ಟಿಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಸಿದೆ. ಮಧ್ಯಾಹ್ನ ಪುಸ್ತಕ ಹಿಡಿದು ಒಳಗೆ ಕುಳಿತೆ. ಬೆಳಕು ಅತ್ಯುತ್ತಮ. ಎರಡನೆಯ ಪುಟಕ್ಕೆ ಕನ್ನಡಕ ಮಂಜಾಯಿತು. ನಾಲ್ಕನೆಯ ಪುಟದಲ್ಲಿ ಕರ್ತೃ ಯಾರು, ಕ್ರಿಯೆ ಯಾವುದು ತಿಳಿಯದಾಯಿತು. ಸಂಡಿಗೆ ಹಾಕಲು ಬಂದ ಶಿವವ್ವ ಹೊದಿಕೆ ಸರಿಸಿ ನೋಡಿದಳು.

"ಕುಕ್ಕರಿನ್ಯಾಗ ಕುಂತಂಗ ಕುಂತೀರಲ್ಲ. ಎಷ್ಟ ಸೀಟಿ ಆದವು?"

ನನ್ನನ್ನು ಹೊರಗೆಳೆದು ಮಜ್ಜಿಗೆ ಕುಡಿಸಿದಳು. ಪ್ಲಾಸ್ಟಿಕ್ ಬಿಚ್ಚುತ್ತಿದ್ದ ಉಮರಬ್ಬ ಅವರು, "ಇದು ಜನವರಿ ಮಾಷ್ಟ್ರೇ. ಜೂನಿನಲ್ಲಿ ಇಲ್ಲಿ ಕೂತ್ರೆ, ಈದ್‌ಗೆ ಗುಂಡಿಯಲ್ಲಿ ಹೂತು ಬೇಯಿಸ್ತಾರಲ್ಲ ಮಾಂಸ, ಹಾಗೆ ಆಗ್ತೀರಿ" ಎಂದರು. ಸಸ್ಯಾಹಾರಿಯೊಬ್ಬನ ಬಗ್ಗೆ ಬಳಸತಕ್ಕ ಉಪಮೆ ಇದಲ್ಲ ಎಂದು ತಿಳಿಸಿದೆ. ಅವರು ಯೋಚಿಸಿ, "ಹಾಗಾದ್ರೆ ಬದನೆಕಾಯಿ" ಎಂದು ತಿದ್ದಿಕೊಂಡರು. ತಿದ್ದಿಕೊಳ್ಳುವ ಗುಣ ಮೆಚ್ಚತಕ್ಕದ್ದು.

ಜನವರಿ ೨೬, ಸಂಜೆ.

ಶನಿವಾರ, ಫೆಬ್ರುವರಿ ೧

ಪ್ಲಾಸ್ಟಿಕ್ ಹೋಯಿತು; ಕೊಳವೆಗಳೂ ಹೊದಿಕೆಗಳೂ ಉಳಿದಿವೆ. ಬಿಚ್ಚಿ ಒಯ್ಯಿರೆಂದರೆ ಉಮರಬ್ಬ ಅವರು 'ನಾಳೆ' ಎನ್ನುತ್ತಾರೆ. ಅವರ ನಾಳೆಗೆ ಪಂಚಾಂಗದಲ್ಲಿ ತಿಥಿಯಿಲ್ಲ.

ಆ ನಾಲ್ಕು ಹೊದಿಕೆಗಳ ನಡುವೆ ಈಗ ಜನ ಸೇರುತ್ತಿದ್ದಾರೆ. ಸಂಜೆ ಬಿಸಿಲು ಇಳಿದ ಮೇಲೆ ನಾನು ಓದಲೆಂದು ಹೋಗುತ್ತೇನೆ. ಶಿವವ್ವ ಸಂಡಿಗೆ ತೆಗೆಯಲು ಬರುತ್ತಾಳೆ, ತೆಗೆದ ಮೇಲೂ ಹೋಗುವುದಿಲ್ಲ. ತ್ರಿವೇಣಿ ಅಲ್ ಖುವೈರ್‌ನ ಆಫೀಸಿನಿಂದ ಬಂದವಳೇ ಚಪ್ಪಲಿ ಬಿಟ್ಟು ಚಹಾ ಲೋಟದೊಂದಿಗೆ ಮೇಲೆ ಬರುತ್ತಾಳೆ. ಡ್ರಮ್ಸ್ ಇನ್ನೂ ಬಂದಿಲ್ಲವಾದ್ದರಿಂದ ದಾನು ಖಾಲಿ ಪೇಂಟ್ ಡಬ್ಬಿಗಳನ್ನು ಬಾರಿಸುತ್ತಾಳೆ. ಹಮೂದ್ ಅವರು ನೆಲ ತಣ್ಣಗಿರುತ್ತದೆಂದು ಒಂದು ಜಮಖಾನೆ ಕಳಿಸಿದ್ದಾರೆ. ಅದರ ಹಿಂದೆಯೇ ತಾವೂ ಬರುತ್ತಾರೆ.

ಓದು ಸಾಗುತ್ತಿಲ್ಲ. ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ನೀನು ಮಜ್ಲಿಸಿನಲ್ಲಿ ಮಲಗಿ ಬೇಸತ್ತಿರಬೇಕು ಎಂದು ದಾನುವಿಗೆ ಹೇಳಿದೆ. "ನೋ ಅಜ್ಜಾ, ಅಲ್ಲೇ ವೈಫೈ ಸ್ಟ್ರಾಂಗ್ ಇರೋದು. ನೀವು ಚಿಲ್ ಮಾಡಿ," ಎಂದಳು. ವಾಕ್ಯವನ್ನು ತಿದ್ದಬೇಕಿತ್ತು. ಅಷ್ಟರಲ್ಲಿ ಶಿವವ್ವ ಬಿಸಿ ಮಿರ್ಚಿ ಭಜ್ಜಿ ತಂದಳು.

ಗುರುವಾರ, ಫೆಬ್ರುವರಿ, ಮೊದಲ ವಾರ

ಕೊಠಡಿಯ ಪ್ರಶ್ನೆ ಹೊಸ ಹಂತ ತಲುಪಿದೆ. ಹಮೂದ್ ಅವರ ಸಲಹೆ ಹೀಗಿದೆ: ಉತ್ತರದ ಮೋಟುಗೋಡೆಯನ್ನು ತಾವೇ ಎತ್ತರಿಸಿ ಕೊಡುತ್ತಾರೆ. ಅವರ ಅಂಗಳಕ್ಕೆ ಮರೆ ಆಗುತ್ತದೆ, ನಮಗೆ ಗಾಳಿಗೆ ತಡೆ ಆಗುತ್ತದೆ. ಮಿಕ್ಕ ಮೂರು ಕಡೆ ಹೊದಿಕೆಗಳೇ ಇರಲಿ.

"ಮತ್ತೆ ಛಾವಣಿ?" ಎಂದೆ.

"ಅದು ಬೇಕಾದ್ದು ಮೇ ತಿಂಗಳಿಗೆ," ಎಂದರು. "ಮೇ ತಿಂಗಳಲ್ಲಿ ಛಾವಣಿ ಇದ್ದರೂ ಯಾರೂ ಇಲ್ಲಿಗೆ ಬರುವುದಿಲ್ಲ."

ಹೀಗೆ ನೋಡಿದರೆ ಆ ಅಂಶವನ್ನು ಮುಂದೂಡಬಹುದು. ಇದು ಡಾರ್ಮರೂ ಅಲ್ಲ, ಬೆಳಕಿಂಡಿಯೂ ಅಲ್ಲ. ಒಂದು ಗೋಡೆಯ ಬಗೆ ಎನ್ನಬಹುದು. ಬ್ರಿಟನ್ನಿನವರ ಪಟ್ಟಿಯಲ್ಲಿ ಇದು ಇಲ್ಲ, ಪಟ್ಟಿ ಅಪೂರ್ಣ.

ಅಂದಹಾಗೆ ಚಿತ್ರದ ತರುಣರಲ್ಲಿ ಎಡದಿಂದ ಮೂರನೆಯವನು ಸಭ್ಯನಂತೆ ಕಾಣುತ್ತಾನೆ. ಅವನ ಹೆಸರನ್ನು ದಾನು ಎರಡು ಸಲ ಹೇಳಿಕೊಟ್ಟಳು. ನನ್ನ ಉಚ್ಚಾರಣೆ ಸರಿಯಿಲ್ಲವಂತೆ. ಇನ್ನೊಮ್ಮೆ ಹೇಳಿಸಿದಳು.

ಬುಧವಾರ, ಫೆಬ್ರುವರಿ

ಬಹಳ ಸೊಗಸಾದ ದಿನ. ಬೆಳಿಗ್ಗೆಯಿಂದ ಉತ್ತರದ ಗೋಡೆಯ ಎತ್ತರ ನಿರ್ಧರಿಸುವ ಕೆಲಸ.

ಎಷ್ಟು ಎತ್ತರವಿದ್ದರೆ ಅಂಗಳ ಕಾಣುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ತೆಗೆಯಬಹುದಿತ್ತು. ಆದರೆ ಹಮೂದ್ ಅವರಿಗೂ ನನ್ನಂತೆಯೇ ಪ್ರಾತ್ಯಕ್ಷಿಕೆಯಲ್ಲಿ ನಂಬಿಕೆ ಹುಟ್ಟಿದೆ. ಮನೆಯ ಹೆಂಗಸರನ್ನು ಒಳಗೆ ಕಳಿಸಿ ಅವರು ಅಂಗಳದ ನಡುವೆ ನಿಂತರು. ನಾನು ಮೇಲೆ, ಎರಡೂ ಕೈ ಎತ್ತಿ, ನೀಲಿ ಹೊದಿಕೆ ಹಿಡಿದು ಗೋಡೆಯಾಗಿ ನಿಂತೆ. ನನ್ನ ಹಿಂದೆ ಉಮರಬ್ಬ ಅವರು ಅತ್ತಿತ್ತ ನಡೆದಾಡುವುದು, ಅವರು ಕಂಡರೆ ಹಮೂದ್ ಅವರು ಕೂಗಿ ಹೇಳುವುದು.

"ಉಸ್ತಾದ್, ಟೋಪಿ ಕಾಣುತ್ತದೆ."

"ಯಾರದು? ನನ್ನದೋ ಉಮರಬ್ಬ ಅವರದೋ?"

"ನಿಮ್ಮದು. ನೀವು ಗೋಡೆ. ಗೋಡೆಗೆ ಟೋಪಿ ಇರುವುದಿಲ್ಲ."

ಟೋಪಿ ತೆಗೆದೆ. ಇನ್ನಷ್ಟು ಎತ್ತರಕ್ಕೆ ಸ್ಟೂಲಿನ ಮೇಲೆ ನಿಂತೆ. ಉಮರಬ್ಬ ಅವರು ಕುಣಿದು ನೋಡಿದರು, ಕುಣಿದಾಗ ಕಂಡರು. ಇಲ್ಲಿ ಯಾರೂ ಕುಣಿಯುವುದಿಲ್ಲ ಎಂದೆ. ದಾನು ಶಾಲೆಯಿಂದ ಬಂದವಳೇ, ತಾನು ದಿನವೂ ಕುಣಿಯುತ್ತೇನೆ ಎಂದಳು. ಆದ್ದರಿಂದ ಕುಣಿತಕ್ಕೂ ಅವಕಾಶವಿಟ್ಟು ಮತ್ತೆ ಅಳೆಯಬೇಕಾಯಿತು. ಊಟವೂ ಅಲ್ಲೇ, ಗೋಡೆಯ ಬಾಯಿಗೆ ಶಿವವ್ವ ರೊಟ್ಟಿ ತುರುಕಿದಳು.

ಕೆಲವು ಸಂಗತಿಗಳು ಅರ್ಥವಾಗಲಿಲ್ಲ. ತ್ರಿವೇಣಿ ಏಕೋ ಆಫೀಸಿಗೆ ರಜೆ ಹಾಕಿ, ಕಾರಿನ ಕೀಲಿ ಕೈಯಲ್ಲಿ ಹಿಡಿದು ಎರಡು ಸಲ ಮೇಲೆ ಬಂದು, ನನ್ನನ್ನು ನೋಡಿ, ಅವರವ್ವನನ್ನು ನೋಡಿ, ಕೆಳಗೆ ಹೋದಳು. ಶಿವವ್ವ ಬೆಳಿಗ್ಗೆ ನಮ್ಮ ಸೂಟ್‌ಕೇಸನ್ನು ಕೆಳಗಿಳಿಸಿ ಧೂಳು ಒರೆಸಿ ಮತ್ತೆ ಮೇಲಿಟ್ಟಳು. ಧೂಳಿನ ಬಗ್ಗೆ ಈ ಆಸಕ್ತಿ ಹೊಸತು. ಮಧ್ಯಾಹ್ನ ವಿಮಾನವೊಂದು ಮನೆಯ ಮೇಲೆಯೇ ಹಾದುಹೋಯಿತು. ಇಲ್ಲಿ ವಿಮಾನಗಳಿಗೆ ಬರವಿಲ್ಲ. ಆದರೂ ತಾಯಿ, ಮಗಳು, ಮೊಮ್ಮಗಳು ಮೂವರೂ ಅದು ಮರೆಯಾಗುವವರೆಗೆ ನೋಡಿದರು. ದಾನು ಟಾಟಾ ಮಾಡಿದಳು. ಆಮೇಲೆ ಮೂವರೂ ನಕ್ಕರು.

ನಾನು ತಿರುಗಿ ನೋಡುವಂತಿರಲಿಲ್ಲ. ಸ್ಟೂಲಿನ ಮೇಲಿದ್ದೆ.

ಶುಕ್ರವಾರ

ಈರೇಶ ದುಕ್ಮ್‌ನಿಂದ ಬಂದ. ಮಜ್ಲಿಸಿನಲ್ಲಿ ನನ್ನನ್ನು ಕಂಡು ಬಾಗಿಲಲ್ಲೇ ನಿಂತ.

"ಮಾವಾರ, ನೀವು ಬುಧವಾರ ಹೋಗಿಲ್ಲೇನ್ರಿ?"

"ಎಲ್ಲಿಗೆ?" ಎಂದೆ.

ಎಂದ ಮೇಲೆ ನನಗೆ ನೆನಪಾಯಿತು. ಶಾಲೆಯ ಗಂಟೆ ನನ್ನನ್ನು ನೋಡಿ ಬಾರಿಸುತ್ತಾರೆಂದು ಊರವರು ಹೇಳುತ್ತಿದ್ದರು. ಒಂದೇ ಒಂದು ದಿನ ತಡವಾಗಿ ಹೋದವನಲ್ಲ. ಅಂಥವನಿಗೆ ಒಂದು ಇಡೀ ವಿಮಾನ ತಪ್ಪಿದೆ, ಅದೂ ತಲೆಯ ಮೇಲೆಯೇ ಹಾದುಹೋಗಿ. ಈರೇಶ ಸಮಾಧಾನಕ್ಕೆ, ವೀಸಾ ಮಾರ್ಚ್ ಕೊನೆಯವರೆಗೆ ಇದೆ, ಮುಂದಿನದನ್ನು ತಾನು ನೋಡಿಕೊಳ್ಳುತ್ತೇನೆ, ಎಂದು ಏನೇನೋ ಹೇಳಿದ. ನಾನು ನೆಟ್ಟಗೆ ಅಡುಗೆಮನೆಗೆ ಹೋದೆ. ಶಿವವ್ವ ಬದನೆಕಾಯಿ ಸೀಳುತ್ತಿದ್ದಳು.

"ನಿನಗೆ ನೆನಪಿತ್ತೇ?" ಎಂದೆ.

"ಇತ್ತು."

"ತ್ರಿವೇಣಿಗೆ?"

"ಆಕಿಗೂ ಇತ್ತು. ದಾನೂಗೂ ಇತ್ತು. ಬಾಜೂಮನಿ ಅಜ್ಜಾರಿಗೂ ನಾನ ಹೇಳಿದ್ದೆ. ಅದಕ್ಕ ಪಾಪ ಅವರು ಅಂಗಳದಾಗ ಅಷ್ಟೊತ್ತು ನಿಂತ್ರು."

"ಹಾಗಾದರೆ ನನಗೇಕೆ ಹೇಳಲಿಲ್ಲ?"

ಅವಳು ಬದನೆಕಾಯಿಯನ್ನು ನೀರಿಗೆ ಹಾಕಿದಳು. "ನೋಡ್ರಿ, ಊರಾಗ ನಿಮ್ಮ ಮಾತು ಕೇಳಾಕ ನಾ ಒಬ್ಬಾಕಿನ. ಇಲ್ಲಿ ಐದಾರ ಮಂದಿ ಹಂಚಗೊಂಡ ಕೇಳತೀವಿ. ಹಗರ ಆಗೇತಿ ನನಗ."

"ಅದು ಕಾರಣ. ಹೇಳದಿರುವುದಕ್ಕೆ ಸಮರ್ಥನೆಯಲ್ಲ."

"ಹೇಳಾಕ ಅಂತನ ರೊಟ್ಟಿ ತಗೊಂಡ ಮ್ಯಾಲ ಬಂದಿದ್ದೆ," ಎಂದಳು. "ನೀವು ಉತ್ತರದ ಗ್ವಾಡಿ ಆಗಿದ್ರಿ. ನಗಾಕತ್ತಿದ್ರಿ. ನಗೂ ಗ್ವಾಡಿಗೆ ಏನಂತ ಹೇಳೂದು?"

ಇದಕ್ಕೆ ತಕ್ಕ ಉತ್ತರವನ್ನು ಇಲ್ಲಿ ಬರೆದಿಡಬೇಕೆಂದು ಕುಳಿತಿದ್ದೇನೆ. ಮೇಲಿನಿಂದ ಡಬ್ಬಿ ಬಾರಿಸುವ ಸದ್ದು ಬರುತ್ತಿದೆ. ಗಾಳಿ ಎದ್ದಿದೆಯಂತೆ, ಪಶ್ಚಿಮದ ಹೊದಿಕೆ ನಿಲ್ಲುತ್ತಿಲ್ಲವಂತೆ, ಈರೇಶನೊಬ್ಬನಿಂದ ಆಗುತ್ತಿಲ್ಲವಂತೆ. ಡ್ಯಾನಿ ಮೂರನೆಯ ಸಲ ಕೂಗಿದಳು. ಕೊಠಡಿಗೆ ಹೋಗಬೇಕು